32767ಕ್ಕೆ ನಿಂತ ಬಿಲ್ಲು: ಮಾಟುಂಗದ ಅಂಗಡಿಯಲ್ಲಿ ಫಾರಿನ್ ಕೀ ಬಿಚ್ಚಿ ಮತ್ತೆ ಕಟ್ಟಿದ ಕೆಲಸ

ಕಳೆದ ಜುಲೈ, ಗುರುವಾರ ರಾತ್ರಿ ಎಂಟೂವರೆ. ಡೊಂಬಿವಲಿ ಲೋಕಲ್‌ನ ಬಾಗಿಲ ಬಳಿ ನಿಂತಿದ್ದೆ. ಹೊರಗೆ ಜೋರು ಮಳೆ. ಭಾವನ ಫೋನ್ ಬಂತು.

"ಬಿಲ್ಲೇ ಆಗ್ತಾ ಇಲ್ಲ ಮಾರಾಯಾ. ಸೇವ್ ಒತ್ತಿದ್ರೆ ಕೆಂಪು ಅಕ್ಷರದಲ್ಲಿ ಎಂತದೋ ಬರ್ತದೆ."

ಫೋಟೊ ಕಳಿಸಿ ಎಂದೆ. ಠಾಣೆ ದಾಟುವಷ್ಟರಲ್ಲಿ ಬಂತು. ಎರರ್ 1062, ಡೂಪ್ಲಿಕೇಟ್ ಎಂಟ್ರಿ '32767', ಪ್ರೈಮರಿ ಕೀ (ಪ್ರತಿ ಬಿಲ್ಲಿನ ಗುರುತಿನ ನಂಬರ್). ಆ ಸಂಖ್ಯೆ ನೋಡಿದ ಕೂಡಲೇ ವಿಷಯ ತಿಳಿಯಿತು. ಸ್ಮಾಲ್‌ಇಂಟ್ ಎಂಬ ಜಾತಿಯ ಕಾಲಮ್‌ನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಅದು. ಬಿಲ್ಲಿನ ನಂಬರ್ ಅಲ್ಲಿಗೆ ಮುಟ್ಟಿ ನಿಂತಿದೆ. ಮುಂದಿನ ಬಿಲ್ಲಿಗೂ ಅಂಗಡಿಯ ಲೆಕ್ಕ ಇಡುವ ಡೇಟಾಬೇಸ್ ಮೈಎಸ್‌ಕ್ಯೂಎಲ್ ಅದೇ 32767 ಕೊಡುತ್ತಿದೆ, ಆ ನಂಬರಿನ ಬಿಲ್ ಆಗಲೇ ಇರುವುದರಿಂದ ಬೇಡ ಅನ್ನುತ್ತಿದೆ.

ಭಾವನದು ಮಾಟುಂಗ ಪೂರ್ವದಲ್ಲಿ, ಕಿಂಗ್ಸ್ ಸರ್ಕಲ್ ಕಡೆಗೆ ಹೋಗುವ ಒಳರಸ್ತೆಯಲ್ಲಿ ಹೋಲ್‌ಸೇಲ್ ಅಂಗಡಿ. ದೋಸೆ ಅಕ್ಕಿ, ಉದ್ದಿನ ಬೇಳೆ, ಬ್ಯಾಡಗಿ ಮೆಣಸು, ತೆಂಗಿನಕಾಯಿ, ಬಾಳೆ ಎಲೆ. ಸಯನ್‌ನಿಂದ ಚೆಂಬೂರಿನವರೆಗೆ ನಮ್ಮ ಊರಿನವರ ಹೋಟೆಲು, ಕ್ಯಾಂಟೀನುಗಳಿಗೆ ಸಪ್ಲೈ. ದಿನಕ್ಕೆ ಇಪ್ಪತ್ತೈದು, ಇಪ್ಪತ್ತಾರು ಬಿಲ್. 2021ರ ಜೂನ್‌ನಲ್ಲಿ ಈಗಿನ ಜಾಗಕ್ಕೆ ಬಂದಾಗ ಒಂದರಿಂದ ನಂಬರ್ ಶುರು ಮಾಡಿದ್ದರು. ನಾಲ್ಕು ವರ್ಷಕ್ಕೆ ಮೂವತ್ತೆರಡು ಸಾವಿರ ಮುಟ್ಟಿತು. ಸಾಫ್ಟ್‌ವೇರ್ ಬರೆದವರು ಈಗ ಸಂಪರ್ಕದಲ್ಲಿಲ್ಲ. ನಾನು ಪ್ರೋಗ್ರಾಮರ್, ಹಾಗಾಗಿ ಮನೆಯ ಕೆಲಸ ನನಗೆ ಬಂತು.

"ಭಾನುವಾರದವರೆಗೆ ಕೈಬಿಲ್ ಬರೀರಿ ಭಾವ. ಅವಸರ ಮಾಡಿದ್ರೆ ಲೆಕ್ಕ ಹಾಳಾಗ್ತದೆ" ಎಂದೆ. ಅವರಿಗೆ ಬೇಜಾರಾಯಿತು. ಆದರೂ ಒಪ್ಪಿದರು. ಅಂಗಡಿಯ ರೈಟರು ಹಳೆಯ ಬಿಲ್ ಪುಸ್ತಕ ಹುಡುಕಿ, ಕಾರ್ಬನ್ ಪೇಪರ್ ತರಿಸಿದರು.

ಇಲ್ಲಿಂದ ಮುಂದೆ ಕೆಲಸದ ದಾಖಲೆ. ಕಮಾಂಡುಗಳನ್ನೂ ಟೇಬಲ್ ಹೆಸರುಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಮೈಎಸ್‌ಕ್ಯೂಎಲ್ ಬಳಸುವವರಿಗೆ ಗುರುತು ಸಿಗುತ್ತದೆ.

ಶುಕ್ರವಾರ ರಾತ್ರಿ, ಡೊಂಬಿವಲಿ

ಅಂಗಡಿಯ ಕಂಪ್ಯೂಟರಿನಿಂದ ಪೂರ್ತಿ ಡಂಪ್ (ಡೇಟಾಬೇಸಿನ ನಕಲು ಫೈಲ್) ತರಿಸಿಕೊಂಡು ನನ್ನ ಲ್ಯಾಪ್‌ಟಾಪಿನಲ್ಲಿ ಇಳಿಸಿದೆ. ಅಲ್ಲಿರುವುದು ಮೈಎಸ್‌ಕ್ಯೂಎಲ್ 5.7. ಅದಕ್ಕೆ ಬೆಂಬಲ ನಿಂತಿದ್ದು 2023ರ ಅಕ್ಟೋಬರ್‌ನಲ್ಲಿ. ಅದನ್ನು ಬದಲಿಸುವ ಕೆಲಸ ಬೇರೆ, ಇವತ್ತು ಅದಕ್ಕೆ ಕೈ ಹಾಕುವುದು ಬೇಡ ಅಂದುಕೊಂಡೆ. ಒಂದು ರಿಪೇರಿಯೊಳಗೆ ಇನ್ನೊಂದನ್ನು ಸೇರಿಸಿದರೆ ಯಾವುದರಿಂದ ಏನು ಕೆಟ್ಟಿತು ಅಂತ ಗೊತ್ತಾಗುವುದಿಲ್ಲ.

ಮೊದಲು ನೇರ ದಾರಿಯನ್ನೇ ಹಿಡಿದೆ, ಬಿಲ್ಸ್ ಟೇಬಲ್‌ನ ಐಡಿ ಕಾಲಮನ್ನು ಇನ್ನೂ ದೊಡ್ಡ ಸಂಖ್ಯೆ ಹಿಡಿಸುವ ಇಂಟ್ ಮಾಡುವುದು:

ಆಲ್ಟರ್ ಟೇಬಲ್ ಬಿಲ್ಸ್ ಮಾಡಿಫೈ ಐಡಿ ಇಂಟ್ ಅನ್‌ಸೈನ್ಡ್ ನಾಟ್ ನಲ್ ಆಟೋ_ಇನ್‌ಕ್ರಿಮೆಂಟ್;

ಎರರ್ 1833. ಐಡಿ ಕಾಲಮ್ ಬದಲಿಸಲಾಗದು, ಬಿಲ್_ಐಟಮ್ಸ್ ಟೇಬಲ್‌ನ ಬಿಲ್_ಐಟಮ್ಸ್_ಐಬಿಎಫ್‌ಕೆ_1 ಎಂಬ ಫಾರಿನ್ ಕೀ ಇದನ್ನು ಹಿಡಿದುಕೊಂಡಿದೆ ಎಂಬ ಉತ್ತರ. ಇದು ನ್ಯಾಯವೇ. ಬಿಲ್ಸ್ ತಾಯಿ ಟೇಬಲ್. ಬಿಲ್_ಐಟಮ್ಸ್ ಅದರ ಮಗು. ಮಗುವಿನ ಬಿಲ್_ಐಡಿ ತಾಯಿಯಲ್ಲಿ ನಿಜವಾಗಿ ಇರುವ ಬಿಲ್ಲಿನದೇ ಆಗಿರಬೇಕು ಎಂಬ ಕಟ್ಟೇ ಫಾರಿನ್ ಕೀ. ಮಗುವಿನ ಬಿಲ್_ಐಡಿ ಸ್ಮಾಲ್‌ಇಂಟ್ ಆಗಿಯೇ ಉಳಿದು ತಾಯಿಯ ಐಡಿ ಮಾತ್ರ ಇಂಟ್ ಆದರೆ ಎರಡರ ಅಳತೆ ತಪ್ಪುತ್ತದೆ. ಮೈಎಸ್‌ಕ್ಯೂಎಲ್ ಒಳಗೆ ಈ ಟೇಬಲ್‌ಗಳನ್ನು ಇಟ್ಟುಕೊಳ್ಳುವ ಎಂಜಿನ್ ಇನ್ನೊಡಿಬಿ. ಅದರಲ್ಲಿ ಪೂರ್ಣಾಂಕದ ಫಾರಿನ್ ಕೀ ಅಂದರೆ ಎರಡು ಕಡೆಯೂ ಒಂದೇ ಗಾತ್ರ ಇರಬೇಕು. ಸೈನ್ಡ್ (ಋಣ ಸಂಖ್ಯೆಯೂ ಹಿಡಿಸುವುದು) ಅಥವಾ ಅನ್‌ಸೈನ್ಡ್ (ಅದು ಹಿಡಿಸದ್ದು), ಅದೂ ಒಂದೇ ಇರಬೇಕು. ತಾಯಿಯನ್ನು ಮೊದಲು ಬದಲಿಸಿದರೂ ತಪ್ಪು, ಮಗುವನ್ನು ಮೊದಲು ಬದಲಿಸಿದರೂ ತಪ್ಪು. ಹಾಗಾಗಿ ಗಂಟು ಬಿಚ್ಚಬೇಕು, ಎರಡನ್ನೂ ಬದಲಿಸಬೇಕು, ಮತ್ತೆ ಗಂಟು ಹಾಕಬೇಕು. ಮೈಎಸ್‌ಕ್ಯೂಎಲ್ ಕೈಪಿಡಿ ಹೇಳುವ ದಾರಿಯೂ ಇದೇ.

ಈ ಹಂತದಲ್ಲಿ ತುಂಬ ಜನ ಕೊಡುವ ಸಲಹೆ ಒಂದಿದೆ: ಸೆಟ್ ಫಾರಿನ್_ಕೀ_ಚೆಕ್ಸ್ = 0 ಅಂತ ಹಾಕಿ ಈ ತಪಾಸಣೆ ನಿಲ್ಲಿಸು, ಕೆಲಸ ಮುಗಿಸು, ಮತ್ತೆ 1 ಮಾಡು. ನಾನು ಅದನ್ನು ಒಪ್ಪುವುದಿಲ್ಲ. ಮತ್ತೆ 1 ಮಾಡಿದಾಗ ಮೈಎಸ್‌ಕ್ಯೂಎಲ್ ಹಳೆಯ ಸಾಲುಗಳನ್ನು ತಿರುಗಿ ನೋಡುವುದಿಲ್ಲ. 0 ಇದ್ದಾಗ ಒಳಗೆ ಬಂದ ತಪ್ಪು ಸಾಲು ಅಲ್ಲೇ ಕೂತಿರುತ್ತದೆ. ಹೊರಗಿನಿಂದ ಮಾತ್ರ ಎಲ್ಲ ಬಿಗಿಯಾಗಿ ಕಾಣುತ್ತದೆ. ಹೀಗೆ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಇದೇ ಡೇಟಾಬೇಸ್‌ನಲ್ಲಿ ಪುರಾವೆ ಸಿಗುತ್ತದೆ ಅಂತ ಆಗ ನನಗೆ ಗೊತ್ತಿರಲಿಲ್ಲ.

ಬಿಲ್ಸ್ ಅನ್ನು ಯಾರ್ಯಾರು ಹಿಡಿದುಕೊಂಡಿದ್ದಾರೆ ಅಂತ ಪಟ್ಟಿ ಮಾಡಿದೆ. ಎರರ್ ಒಂದು ಹೆಸರನ್ನಷ್ಟೇ ಹೇಳುತ್ತದೆ. ಪೂರ್ತಿ ಪಟ್ಟಿ ಇರುವುದು ಡೇಟಾಬೇಸ್ ತನ್ನ ಬಗ್ಗೆ ತಾನೇ ಇಟ್ಟುಕೊಳ್ಳುವ ಇನ್ಫರ್ಮೇಶನ್_ಸ್ಕೀಮಾದ ಕೀ_ಕಾಲಮ್_ಯೂಸೇಜ್‌ನಲ್ಲಿ. ರೆಫರೆನ್ಸ್ಡ್_ಟೇಬಲ್_ನೇಮ್ ಬಿಲ್ಸ್ ಎಂದಿರುವ ಸಾಲು ಕೇಳಿದೆ. ಮೂರು ಬಂತು: ಬಿಲ್_ಐಟಮ್ಸ್, ಪೇಮೆಂಟ್ಸ್, ರಿಟರ್ನ್ಸ್.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಬಿಲ್_ಐಡಿ ಎಂಬ ಹೆಸರಿನ ಕಾಲಮ್ ಎಲ್ಲೆಲ್ಲಿದೆ ಅಂತ ಇನ್ಫರ್ಮೇಶನ್_ಸ್ಕೀಮಾದ ಕಾಲಮ್ಸ್‌ನಲ್ಲೂ ಕೇಳಿದೆ. ನಾಲ್ಕು ಬಂತು. ನಾಲ್ಕನೆಯದು ಡೆಲಿವರಿ, ಯಾವ ಟೆಂಪೋದಲ್ಲಿ ಯಾವ ಬಿಲ್ಲಿನ ಸರಕು ಹೋಯಿತು ಅನ್ನುವ ಟೇಬಲ್. ಶೋ ಕ್ರಿಯೇಟ್ ಟೇಬಲ್ ಕೊಟ್ಟು ನೋಡಿದರೆ ಅದರ ಎಂಜಿನ್ ಇನ್ನೊಡಿಬಿ ಅಲ್ಲ, ಮೈಐಎಸ್‌ಎಎಂ. ಬರೆದವರ ಹಳೆಯ ಸ್ಕ್ರಿಪ್ಟಿನಲ್ಲಿ ಡೆಲಿವರಿಗೂ ಫಾರಿನ್ ಕೀ ಬರೆದಿದ್ದರು. ಆದರೆ ಮೈಐಎಸ್‌ಎಎಂ ಆ ಸಾಲನ್ನು ಓದುತ್ತದೆ, ಎರರ್ ಕೊಡದೆ ಸುಮ್ನೆ ಬಿಟ್ಟುಬಿಡುತ್ತದೆ. ಪಾಪ, ಕನ್‌ಸ್ಟ್ರೇಂಟ್ (ಫಾರಿನ್ ಕೀಯಂಥ ಕಟ್ಟು) ಇದೆ ಅಂತಲೇ ಅವರು ನಂಬಿರಬೇಕು. ಮೂರೇ ಟೇಬಲ್ ಅಂತ ನಾನು ಮುಂದುವರಿದಿದ್ದರೆ ಬಿಲ್ ಆಗುತ್ತಿತ್ತು, ಆದರೆ ಸೋಮವಾರ ಬೆಳಗ್ಗೆ ಟೆಂಪೋ ತುಂಬಿಸುವ ಹೊತ್ತಿಗೆ ಡೆಲಿವರಿ ಪರದೆ ಕೈಕೊಡುತ್ತಿತ್ತು. ಹಾಗಾಗಿ ಕನ್‌ಸ್ಟ್ರೇಂಟ್ ಪಟ್ಟಿ ಒಂದನ್ನೇ ನಂಬಬಾರದು, ಕಾಲಮ್ ಹೆಸರು ಹಿಡಿದೂ ಹುಡುಕಬೇಕು.

ಮೂರೂ ಕನ್‌ಸ್ಟ್ರೇಂಟ್‌ಗಳ ಪೂರ್ತಿ ಪಠ್ಯವನ್ನು ಒಂದು ಹಾಳೆಯ ಮೇಲೆ ಕೈಯಲ್ಲೇ ಬರೆದುಕೊಂಡೆ. ಬಿಚ್ಚಿದ ಮೇಲೆ ಇದ್ದ ಹಾಗೇ ಕಟ್ಟಬೇಕಲ್ವಾ? ಮೂರಕ್ಕೂ ಮೂರು ರೀತಿ. ಬಿಲ್_ಐಟಮ್ಸ್‌ಗೆ ಆನ್ ಡಿಲೀಟ್ ಕ್ಯಾಸ್ಕೇಡ್, ಬಿಲ್ ಅಳಿಸಿದರೆ ಅದರ ಸಾಲುಗಳೂ ಹೋಗಬೇಕು. ಪೇಮೆಂಟ್ಸ್‌ಗೆ ಏನೂ ಬರೆದಿಲ್ಲ, ಅಂದರೆ ದುಡ್ಡು ಬಂದ ಬಿಲ್ಲನ್ನು ಅಳಿಸಲು ಬಿಡಬಾರದು. ರಿಟರ್ನ್ಸ್‌ಗೆ ಆನ್ ಡಿಲೀಟ್ ಸೆಟ್ ನಲ್ (ನಲ್ ಅಂದರೆ ಖಾಲಿ), ಬಿಲ್ ಹೋದರೂ ವಾಪಸು ಬಂದ ಸರಕಿನ ಲೆಕ್ಕ ಉಳಿಯಬೇಕು. ಬರೆದವರು ಇಲ್ಲಿ ಸರಿಯಾಗಿ ಯೋಚಿಸಿದ್ದಾರೆ. ನಾನು ಅವಸರದಲ್ಲಿ ಪೇಮೆಂಟ್ಸ್‌ಗೂ ಕ್ಯಾಸ್ಕೇಡ್ ಹಾಕಿದರೆ ಮುಂದೊಂದು ದಿನ ಯಾರೋ ಒಂದು ಬಿಲ್ ಅಳಿಸುತ್ತಾರೆ, ಬಂದ ದುಡ್ಡಿನ ಗುರುತೂ ಅದರ ಜೊತೆ ಹೋಗುತ್ತದೆ.

ತೆಗೆಯುವ ಕೆಲಸ ಸುಲಭ. ಡ್ರಾಪ್ ಫಾರಿನ್ ಕೀ ಕೊಟ್ಟರೆ ಕ್ಷಣದಲ್ಲಿ ಮುಗಿಯುತ್ತದೆ, ಟೇಬಲ್ ನಕಲಾಗುವುದಿಲ್ಲ. ಅದರ ಜೊತೆಗಿದ್ದ ಇಂಡೆಕ್ಸ್ (ಬೇಗ ಹುಡುಕಲು ಇರುವ ಸೂಚಿ) ಹೋಗುವುದಿಲ್ಲ, ಅಲ್ಲೇ ಉಳಿಯುತ್ತದೆ. ಉಳಿಯಲಿ, ಮತ್ತೆ ಕಟ್ಟುವಾಗ ಅದೇ ಬೇಕು. ಕಾಲಮ್‌ನ ಜಾತಿ ಬದಲಿಸುವುದು ಮಾತ್ರ ನಿಧಾನ. ಮೈಎಸ್‌ಕ್ಯೂಎಲ್ ಟೇಬಲ್ ಪೂರ್ತಿಯನ್ನು ಹೊಸದಾಗಿ ನಕಲು ಮಾಡುತ್ತದೆ, ಅಷ್ಟು ಹೊತ್ತು ಯಾರೂ ಬರೆಯುವ ಹಾಗಿಲ್ಲ. ಬಿಲ್_ಐಟಮ್ಸ್‌ನಲ್ಲಿ ನಾಲ್ಕು ಲಕ್ಷ ಸಾಲು. ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ನಿಮಿಷವೂ ಬೇಕಾಗಲಿಲ್ಲ. ತೆಗೆಯುವುದು, ಬದಲಿಸುವುದು, ಹಾಕುವುದು ಮೂರನ್ನೂ ಒಂದೇ ಆಲ್ಟರ್‌ನಲ್ಲಿ ತುರುಕಲು ಹೋಗಬೇಡಿ. ನಕಲು ಮಾಡುವ ವಿಧಾನದಲ್ಲಿ ಒಂದೇ ಆಲ್ಟರ್ ಒಳಗೆ ಫಾರಿನ್ ಕೀ ತೆಗೆದು ಹಾಕುವುದಕ್ಕೆ ಬೆಂಬಲ ಇಲ್ಲ. ಮೂರು ಹಂತ ಮಾಡುವುದೇ ಸರಿ.

ಮತ್ತೆ ಕಟ್ಟಲು ಹೊರಟೆ. ಬಿಲ್_ಐಟಮ್ಸ್ ಸಲೀಸಾಗಿ ಒಪ್ಪಿತು. ರಿಟರ್ನ್ಸ್‌ಗೆ ಎರರ್ 1215, ಕೆನಾಟ್ ಆಡ್ ಫಾರಿನ್ ಕೀ ಕನ್‌ಸ್ಟ್ರೇಂಟ್. 5.7ರಲ್ಲಿ ಈ ಎರರ್ ಇಷ್ಟೇ ಹೇಳುತ್ತದೆ, ಕಾರಣ ಹೇಳುವುದಿಲ್ಲ. ಕಾರಣ ಬೇಕಾದರೆ ಶೋ ಎಂಜಿನ್ ಇನ್ನೊಡಿಬಿ ಸ್ಟೇಟಸ್ ಕೊಟ್ಟು, ಉದ್ದದ ಉತ್ತರದಲ್ಲಿ ಲೇಟೆಸ್ಟ್ ಫಾರಿನ್ ಕೀ ಎರರ್ ಎಂಬ ಭಾಗ ಹುಡುಕಬೇಕು. ಅಲ್ಲಿ ಸ್ಪಷ್ಟವಾಗಿ ಬರೆದಿತ್ತು: ಸೆಟ್ ನಲ್ ಕೇಳಿದ್ದೀರಿ, ಆದರೆ ಕಾಲಮ್ ನಾಟ್ ನಲ್ ಆಗಿದೆ. ತಪ್ಪು ನನ್ನದೇ. ಮಾಡಿಫೈ ಅನ್ನುವುದು ಕಾಲಮ್‌ನ ವಿವರವನ್ನು ಪೂರ್ತಿ ಹೊಸದಾಗಿ ಬರೆಯುತ್ತದೆ. ನೀವು ಏನು ಬರೆದಿರೋ ಅಷ್ಟೇ ಉಳಿಯುತ್ತದೆ. ಮೂರು ಮಕ್ಕಳಿಗೂ ಒಂದೇ ಸಾಲು ನಕಲಿಸುವಾಗ ರಿಟರ್ನ್ಸ್‌ಗೂ ನಾಟ್ ನಲ್ ಹಾಕಿದ್ದೆ. ಆಟೋ_ಇನ್‌ಕ್ರಿಮೆಂಟ್, ಡಿಫಾಲ್ಟ್, ಕಾಮೆಂಟ್ ಎಲ್ಲವೂ ಇದೇ ರೀತಿ ಕೈಜಾರಿ ಹೋಗಬಹುದು. ಹಾಳೆ ಎದುರಿಗಿಟ್ಟುಕೊಂಡು ತಿದ್ದಿದೆ.

ಆಮೇಲೆ ಪೇಮೆಂಟ್ಸ್. ಎರರ್ 1452. ಮಗುವಿನ ಸಾಲು ಸೇರಿಸಲಾಗದು, ಕನ್‌ಸ್ಟ್ರೇಂಟ್ ತಪ್ಪುತ್ತದೆ. ಟೇಬಲ್ ಹೆಸರಿನ ಜಾಗದಲ್ಲಿ ಎಸ್‌ಕ್ಯೂಎಲ್ ಅಂತ ಶುರುವಾಗುವ ಯಾವುದೋ ವಿಚಿತ್ರ ಹೆಸರು ಕಾಣುತ್ತದೆ. ಹೆದರಬೇಡಿ, ಅದು ನಕಲು ಮಾಡುವಾಗ ಹುಟ್ಟುವ ತಾತ್ಕಾಲಿಕ ಟೇಬಲ್. ಅರ್ಥ ಇಷ್ಟೇ: ತಾಯಿ ಇಲ್ಲದ ಸಾಲು ಇಲ್ಲಿ ಇದೆ. ಆದರೆ ನಿನ್ನೆಯವರೆಗೂ ಇದೇ ಕನ್‌ಸ್ಟ್ರೇಂಟ್ ಇತ್ತಲ್ವಾ, ಅದು ಇದ್ದೂ ತಬ್ಬಲಿ ಸಾಲು ಬಂದದ್ದು ಹೇಗೆ? ಬಿಲ್ಸ್‌ನಲ್ಲಿ ಜೋಡಿ ಸಿಗದ ಪೇಮೆಂಟ್ ಸಾಲುಗಳನ್ನು ಲೆಫ್ಟ್ ಜಾಯಿನ್‌ನಿಂದ ಕೇಳಿದೆ:

ಸೆಲೆಕ್ಟ್ ಪಿ.* ಫ್ರಮ್ ಪೇಮೆಂಟ್ಸ್ ಪಿ ಲೆಫ್ಟ್ ಜಾಯಿನ್ ಬಿಲ್ಸ್ ಬಿ ಆನ್ ಬಿ.ಐಡಿ = ಪಿ.ಬಿಲ್_ಐಡಿ ವೇರ್ ಬಿ.ಐಡಿ ಈಸ್ ನಲ್;

ಹದಿನಾಲ್ಕು ಸಾಲು ಬಂತು. ಹನ್ನೊಂದರಲ್ಲಿ ಬಿಲ್_ಐಡಿ ಸೊನ್ನೆ. ಮೂರರಲ್ಲಿ ಇಲ್ಲದ ಬಿಲ್ಲಿನ ನಂಬರ್. ಎಲ್ಲದರ ತಾರೀಖೂ 2021ರ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಸಾಫ್ಟ್‌ವೇರ್ ಬಂದಿದ್ದು ಆ ವರ್ಷದ ಅಕ್ಟೋಬರ್‌ನಲ್ಲಿ. ಮೊದಲ ನಾಲ್ಕು ತಿಂಗಳ ಲೆಕ್ಕವನ್ನು ಎಕ್ಸೆಲ್‌ನಿಂದ ಒಮ್ಮೆಲೇ ತುಂಬಿಸಿದ್ದರು. ಆ ಸ್ಕ್ರಿಪ್ಟ್ ಫೋಲ್ಡರಿನಲ್ಲೇ ಇತ್ತು. ತೆರೆದರೆ ಮೊದಲ ಸಾಲೇ ಸೆಟ್ ಫಾರಿನ್_ಕೀ_ಚೆಕ್ಸ್ = 0. ಎಕ್ಸೆಲ್‌ನ ಖಾಲಿ ಜಾಗ ಸೊನ್ನೆಯಾಗಿ ಒಳಗೆ ಬಂದಿದೆ. ತಪ್ಪು ನಂಬರ್ ತಪ್ಪಾಗಿಯೇ ಬಂದಿದೆ. ತಡೆಯಬೇಕಾದ ಕಾವಲು ಆ ಹೊತ್ತಿಗೆ ಮಲಗಿತ್ತು.

ಒಂದು ಮಾತು ಸೇರಿಸಬೇಕು. ಮೈಎಸ್‌ಕ್ಯೂಎಲ್‌ಡಂಪ್ ಮಾಡಿದ ಫೈಲಿನ ತಲೆಯಲ್ಲೂ ಇದೇ ಸಾಲು ಇರುತ್ತದೆ. ಅಲ್ಲಿ ಅದು ಸರಿ. ಮಗುವಿನ ಟೇಬಲ್ ತಾಯಿಗಿಂತ ಮೊದಲು ತುಂಬಬಹುದು, ಆಗ ತಡೆಯಬಾರದು. ಒಂದು ಕಡೆ ಆಗಲೇ ತಪಾಸಣೆ ಆದ ಡೇಟಾವನ್ನು ಇನ್ನೊಂದು ಕಡೆ ಇಳಿಸುವುದು ಬೇರೆ, ಕೈಯಲ್ಲಿ ಟೈಪ್ ಮಾಡಿದ ಎಕ್ಸೆಲ್ ತುಂಬಿಸುವುದು ಬೇರೆ.

ರಾತ್ರಿ ಒಂದು ಗಂಟೆಗೆ ಮಲಗಲು ಎದ್ದವನಿಗೆ ಇನ್ನೊಂದು ಯೋಚನೆ ಬಂತು. ಮತ್ತೆ ಕೂತೆ.

2021ರಲ್ಲಿ ಬಿಲ್ ನಂಬರ್ ಎರಡೂವರೆ ಸಾವಿರದ ಆಸುಪಾಸು ಇತ್ತು. ಆಗ ಯಾರೋ 1187 ಅನ್ನುವಲ್ಲಿ 11870 ಅಂತ ಒತ್ತಿದ್ದರೆ ಅದು ಆ ದಿನ ತಬ್ಬಲಿ ಸಾಲು. ಆದರೆ ನಂಬರ್ ದಿನಾ ಬೆಳೆಯುತ್ತಾ ಹೋಗುತ್ತದೆ. ಒಂದೂವರೆ ವರ್ಷದ ಮೇಲೆ 11870ನೇ ಬಿಲ್ ನಿಜವಾಗಿಯೂ ಹುಟ್ಟುತ್ತದೆ, ಬೇರೆ ಯಾರದೋ ಹೆಸರಲ್ಲಿ. ಆ ಕ್ಷಣದಿಂದ ತಬ್ಬಲಿ ಸಾಲಿಗೆ ತಾಯಿ ಸಿಕ್ಕಿದಳು, ಆದರೆ ಬೇರೆಯವರ ತಾಯಿ. ಲೆಫ್ಟ್ ಜಾಯಿನ್‌ಗೆ ಅದು ಕಾಣುವುದಿಲ್ಲ. ಕನ್‌ಸ್ಟ್ರೇಂಟ್ ಹೊಸದಾಗಿ ಹಾಕಿದರೂ ಅದು ಸಲೀಸಾಗಿ ಪಾಸಾಗುತ್ತದೆ. ತಬ್ಬಲಿಯಾಗಿ ಉಳಿದ ಆ ಮೂರು ಸಾಲಾದರೂ ಸಿಕ್ಕಿದ್ದು ಅವುಗಳ ನಂಬರ್ ಬಿಟ್ಟುಹೋದ ಜಾಗಕ್ಕೆ ಬಿದ್ದದ್ದರಿಂದ. ಅರ್ಧಕ್ಕೆ ನಿಂತ ಟ್ರಾನ್ಸಾಕ್ಷನ್ (ಒಟ್ಟಾಗಿ ಸೇವ್ ಆಗಬೇಕಾದ ಕೆಲಸ) ಒಂದು ನಂಬರನ್ನು ತಿಂದುಬಿಡುತ್ತದೆ, ಅದು ಮತ್ತೆ ಬರುವುದಿಲ್ಲ.

ಇಂಥವನ್ನು ಹಿಡಿಯುವುದು ಹೇಗೆ? ತಾರೀಖಿನಿಂದ. ಬಿಲ್ ಹುಟ್ಟುವ ಮೊದಲೇ ಅದಕ್ಕೆ ದುಡ್ಡು ಬಂದಿದ್ದರೆ ಅನುಮಾನ. ಪೇಮೆಂಟ್ ತಾರೀಖು ಬಿಲ್ ತಾರೀಖಿಗಿಂತ ಹಿಂದಿನದು ಇರುವ ಸಾಲು ಕೇಳಿದೆ. ಏಳು ಬಂತು. ಅದರಲ್ಲಿ ಒಂದು ನಿಜಕ್ಕೂ 11870.

ಇಲ್ಲಿ ನನ್ನ ಕೆಲಸ ನಿಂತಿತು. ಯಾವುದು ಯಾರ ದುಡ್ಡು ಅಂತ ಡೇಟಾಬೇಸ್‌ಗೆ ಗೊತ್ತಿಲ್ಲ. ಅದು ಗೊತ್ತಿರುವುದು ಭಾವನ ಕೆಂಪು ಬಟ್ಟೆ ರಟ್ಟಿನ ಖಾತೆ ಪುಸ್ತಕಕ್ಕೆ.

ಶನಿವಾರ ಫೋನಿನಲ್ಲಿ ಅವರು ಕೇಳಿದರು. "ಎಷ್ಟು ಹೊತ್ತು ಬಂದ್ ಮಾಡ್ಬೇಕು?"

"ಮೆಗಾ ಬ್ಲಾಕ್ ಅಂದ್ಕೊಳ್ಳಿ ಭಾವ. ಹನ್ನೊಂದರಿಂದ ನಾಲ್ಕರವರೆಗೆ ಒಂದು ಬಿಲ್ಲೂ ಬೇಡ, ಯಾರೂ ಕಂಪ್ಯೂಟರ್ ಮುಟ್ಟೋದೂ ಬೇಡ."

"ಹಾಗಾದ್ರೆ ಸರಿ" ಎಂದರು. ಮುಂಬೈಯಲ್ಲಿ ಇದಕ್ಕಿಂತ ಜಾಸ್ತಿ ವಿವರಿಸುವುದೇ ಬೇಡ. ಹಳಿ ರಿಪೇರಿ ಆಗುವಾಗ ಗಾಡಿ ಓಡಬಾರದು, ಅಷ್ಟೇ.

ಭಾನುವಾರ, ಮಾಟುಂಗ

ನಿಜವಾದ ಮೆಗಾ ಬ್ಲಾಕ್ ಶುರುವಾಗುವ ಮೊದಲೇ ತಲುಪಬೇಕಿತ್ತು. ಏಳೂವರೆಗೆ ಡೊಂಬಿವಲಿ ಬಿಟ್ಟೆ. ಸ್ಟೇಷನ್ ಎದುರಿನ ರಾಮ ನಾಯಕರ ಉಡುಪಿ ಬೋರ್ಡಿಂಗ್ ದಾಟಿ ಅಂಗಡಿಗೆ ಬಂದಾಗ ಅಕ್ಕ ಬಾಳೆ ಎಲೆಯಲ್ಲಿ ಕಡುಬು ಕಟ್ಟಿ ತಂದಿದ್ದಳು. ಭಾವ ಕೆಂಪು ಪುಸ್ತಕಗಳನ್ನು ಮೇಜಿನ ಮೇಲೆ ಜೋಡಿಸಿಟ್ಟಿದ್ದರು.

ಇಪ್ಪತ್ತೊಂದು ಸಾಲು ಪ್ರಿಂಟ್ ಮಾಡಿ ತಂದಿದ್ದೆ: ಹದಿನಾಲ್ಕು ತಬ್ಬಲಿ, ಏಳು ಅನುಮಾನ. ನಾನು ತಾರೀಖು, ಮೊತ್ತ ಓದುತ್ತಾ ಹೋದೆ. ಅವರು ಕನ್ನಡಕ ಹಣೆಗೇರಿಸಿ ಪುಟ ತಿರುವಿದರು. ಸೊನ್ನೆಯ ಹನ್ನೊಂದರಲ್ಲಿ ಹತ್ತು ಸಿಕ್ಕಿತು. ತಾರೀಖು ಮತ್ತು ಮೊತ್ತ ಎರಡೂ ಕೂಡಿದರೆ ಸಾಕು, ಬಿಲ್ ನಂಬರ್ ಪಕ್ಕದಲ್ಲೇ ಅವರ ಕೈಬರಹದಲ್ಲಿ ಇತ್ತು. ಅನುಮಾನದ ಏಳರಲ್ಲಿ ಎರಡು ನಿಜವಾದ ಮುಂಗಡ. ಚೌತಿಯ ಮೊದಲು ಬೆಲ್ಲ, ಕೊಬ್ಬರಿಗೆ ಮುಂಚೆಯೇ ದುಡ್ಡು ಕೊಟ್ಟವರು. ಹಾಗಾಗಿ ಅನುಮಾನದ ಸಾಲುಗಳನ್ನು ಒಂದೇ ಅಪ್‌ಡೇಟ್‌ನಲ್ಲಿ ತಿದ್ದುವ ಹಾಗಿರಲಿಲ್ಲ. ಒಂದೊಂದಾಗಿ ನೋಡಬೇಕಿತ್ತು.

11870ರ ಸಾಲಿಗೆ ಬಂದೆವು. ಮೊತ್ತ 3,450 ರೂಪಾಯಿ, 2021ರ ಆಗಸ್ಟ್. ಸಾಫ್ಟ್‌ವೇರ್ ಪ್ರಕಾರ ಅದು ಚೆಂಬೂರಿನ ಒಂದು ಕ್ಯಾಂಟೀನಿನ 2023ರ ಜನವರಿ ಬಿಲ್ಲಿಗೆ ಜಮೆ. ಭಾವ ಆಗಸ್ಟ್ ಪುಟ ತೆಗೆದರು. ಬೆರಳಿಟ್ಟು ಇಳಿಸುತ್ತಾ ಬಂದು ಒಂದು ಕಡೆ ನಿಲ್ಲಿಸಿದರು. "1187. ನಗದು 3,450. ಚುಕ್ತಾ." ಪಕ್ಕದಲ್ಲಿ ಸಣ್ಣ ಸಹಿ. ಸಯನ್‌ನ ಒಂದು ಪುಟ್ಟ ಹೋಟೆಲಿನ ಯಜಮಾನರದು, ವಯಸ್ಸಾದವರು. ನಾಲ್ಕು ವರ್ಷದಿಂದ ಅವರ ಹೆಸರಲ್ಲಿ ಆ ಬಿಲ್ ಬಾಕಿ ತೋರಿಸುತ್ತಿತ್ತು. ಭಾವ ಎರಡು ಸಲ ಕೇಳಿದ್ದರಂತೆ. "ಕೊಟ್ಟಿದ್ದೇನೆ ಶೆಟ್ರೇ" ಅಂತ ಅವರು ಹೇಳಿದ್ದರಂತೆ. ಎರಡನೇ ಸಲದ ನಂತರ ಆರ್ಡರ್ ಕಮ್ಮಿಯಾಗಿತ್ತು.

ಭಾವ ಸ್ವಲ್ಪ ಹೊತ್ತು ಆ ಪುಟವನ್ನೇ ನೋಡಿದರು. ಆಮೇಲೆ ಫೋನ್ ತೆಗೆದುಕೊಂಡು ಹೊರಗೆ ಫುಟ್‌ಪಾತಿಗೆ ಹೋದರು. ಗಾಜಿನ ಆಚೆ ಅವರು ಮಾತಾಡುವುದು ಕಾಣುತ್ತಿತ್ತು. ಒಳಗೆ ಬಂದು "ಮುಂದಿಂದು ಓದು" ಎಂದರು.

ಒಂದು ಸಾಲು ಮಾತ್ರ ಯಾವ ಪುಟದಲ್ಲೂ ಸಿಗಲಿಲ್ಲ. 600 ರೂಪಾಯಿ, ಬಿಲ್ ಸೊನ್ನೆ. ಅಳಿಸಿಬಿಡೋಣವಾ ಅಂತ ರೈಟರು ಕೇಳಿದರು. ಬೇಡ ಎಂದೆ. ಯಾರೋ ಕೊಟ್ಟ ದುಡ್ಡು ಅದು. ಪೇಮೆಂಟ್ಸ್_ಪತ್ತೆಯಾಗದ್ದು ಅಂತ ಬೇರೆ ಟೇಬಲ್ ಮಾಡಿ, ಅದನ್ನು ಅಲ್ಲಿಗೆ ಸಾಗಿಸಿ, ಹಳೆಯ ಐಡಿ, ತಾರೀಖು, ಕಾರಣ ಬರೆದಿಟ್ಟೆ. ಫಾರಿನ್ ಕೀ ಹಾಕಲು ದಾರಿ ತೆರವಾಯಿತು, ಲೆಕ್ಕವೂ ಉಳಿಯಿತು.

ಹನ್ನೊಂದಕ್ಕೆ ನಮ್ಮ ಬ್ಲಾಕ್ ಶುರು. ವೆಬ್ ಸರ್ವರ್ ಅಪಾಚಿ ನಿಲ್ಲಿಸಿದೆ. ಡಂಪ್ ತೆಗೆದು ಪೆನ್ ಡ್ರೈವಿಗೂ ಲ್ಯಾಪ್‌ಟಾಪಿಗೂ ಹಾಕಿದೆ. ಮೈಎಸ್‌ಕ್ಯೂಎಲ್‌ನಲ್ಲಿ ಆಲ್ಟರ್ ಕೊಟ್ಟ ಕೂಡಲೇ ತಾನಾಗಿ ಕಮಿಟ್ ಆಗಿ ಖಾಯಂ ಆಗುತ್ತದೆ, ರೋಲ್‌ಬ್ಯಾಕ್ ಮಾಡಿ ಹಿಂದೆ ಹೋಗುವ ಹಾಗಿಲ್ಲ. ನನ್ನ ಆಫೀಸಿನಲ್ಲಿ ಪೋಸ್ಟ್‌ಗ್ರೆಸ್ ಎಂಬ ಬೇರೆ ಡೇಟಾಬೇಸ್ ಇದೆ. ಅಲ್ಲಿ ಇಂಥ ಆಲ್ಟರ್‌ಗಳನ್ನೂ ಒಂದು ಟ್ರಾನ್ಸಾಕ್ಷನ್ ಒಳಗೆ ಮಾಡಿ, ಸರಿ ಕಾಣದಿದ್ದರೆ ಪೂರ್ತಿ ಹಿಂದೆ ಹೋಗಬಹುದು. ಕನ್‌ಸ್ಟ್ರೇಂಟ್ ಅನ್ನು ಮೊದಲು ನಾಟ್ ವ್ಯಾಲಿಡ್ ಅಂತ ಹಾಕಿ ಹೊಸ ಸಾಲುಗಳಿಗೆ ಕಾವಲು ಇಟ್ಟು, ಹಳೆಯವನ್ನು ಆಮೇಲೆ ವ್ಯಾಲಿಡೇಟ್ ಕನ್‌ಸ್ಟ್ರೇಂಟ್‌ನಿಂದ ಪರೀಕ್ಷಿಸಬಹುದು. ಆ ಸೌಕರ್ಯ ಇಲ್ಲಿಲ್ಲ. ಇಲ್ಲಿ ಡಂಪೇ ಗತಿ.

ತಿದ್ದಿದ ಸಾಲುಗಳ ಅಪ್‌ಡೇಟ್ ಮೊದಲು ಮಾಡಿದೆ. ಆಗ ಹಳೆಯ ಕನ್‌ಸ್ಟ್ರೇಂಟ್ ಇನ್ನೂ ಜಾಗದಲ್ಲೇ ಇತ್ತು. ಅದು ಬೇಕೆಂದೇ. ನಾನು ನಂಬರ್ ತಪ್ಪಾಗಿ ಒತ್ತಿದರೆ ಅದು ತಡೆಯಲಿ ಅಂತ. ಲೆಫ್ಟ್ ಜಾಯಿನ್ ಮತ್ತೆ ಓಡಿಸಿದೆ, ಸೊನ್ನೆ ಸಾಲು.

ಆಮೇಲೆ ಡ್ರಾಪ್ ಫಾರಿನ್ ಕೀ. ಲ್ಯಾಪ್‌ಟಾಪಿನಲ್ಲಿ ಕ್ಷಣದಲ್ಲಿ ಮುಗಿದದ್ದು ಇಲ್ಲಿ ಮುಗಿಯಲೇ ಇಲ್ಲ. ಒಂದು ನಿಮಿಷ, ಎರಡು ನಿಮಿಷ. ಇನ್ನೊಂದು ಕಿಟಕಿ ತೆರೆದು, ಯಾರ್ಯಾರು ಒಳಗಿದ್ದಾರೆ ಅಂತ ನೋಡಲು ಶೋ ಪ್ರೊಸೆಸ್‌ಲಿಸ್ಟ್ ಕೊಟ್ಟೆ. ನನ್ನ ಆಲ್ಟರ್ ಎದುರು ವೇಟಿಂಗ್ ಫಾರ್ ಟೇಬಲ್ ಮೆಟಾಡೇಟಾ ಲಾಕ್ ಎಂದಿತ್ತು. ಯಾರೋ ಆ ಟೇಬಲ್ ಓದಲು ಶುರು ಮಾಡಿ, ಟ್ರಾನ್ಸಾಕ್ಷನ್ ಮುಗಿಸದೆ ಬಿಟ್ಟಿದ್ದಾರೆ. ಅಪಾಚಿ ನಿಂತಿದೆ, ಮತ್ಯಾರು? ಪಟ್ಟಿಯಲ್ಲಿ ಇನ್ನೊಂದು ಕನೆಕ್ಷನ್ ಇತ್ತು, ಎರಡನೇ ಕೌಂಟರಿನ ಕಂಪ್ಯೂಟರಿನಿಂದ. ಹೋಗಿ ನೋಡಿದರೆ ಮಾನಿಟರ್ ಆಫ್, ಒಳಗೆ ರಿಪೋರ್ಟ್ ತೆಗೆಯುವ ಪ್ರೋಗ್ರಾಮ್ ಶನಿವಾರದಿಂದ ತೆರೆದೇ ಇದೆ. ಅದನ್ನು ಮುಚ್ಚಿದೆ. ಕ್ಷಣದಲ್ಲಿ ನನ್ನ ಆಲ್ಟರ್ ಹರಿಯಿತು. ವೆಬ್ ಸರ್ವರ್ ನಿಲ್ಲಿಸಿದರೆ ಸಾಲದು, ಕೆಲಸ ಶುರು ಮಾಡುವ ಮೊದಲೇ ಪ್ರೊಸೆಸ್‌ಲಿಸ್ಟ್ ನೋಡಬೇಕು ಅಂತ ಹಾಳೆಯಲ್ಲಿ ಮೇಲೆಯೇ ಬರೆದುಕೊಂಡೆ.

ಉಳಿದದ್ದು ಶುಕ್ರವಾರದ ಹಾಳೆಯ ಪ್ರಕಾರ. ಬಿಲ್ಸ್ ಮಾಡಿಫೈ, ಮೂರು ಮಕ್ಕಳ ಮಾಡಿಫೈ. ಡೆಲಿವರಿಗೆ ಎಂಜಿನ್ ಇನ್ನೊಡಿಬಿ ಮಾಡಿ, ಕಾಲಮ್ ಬದಲಿಸಿ, ಟೆಸ್ಟ್ ಅಂತ ಬರೆದಿದ್ದ ಎರಡು ಸಾಲು ತೆಗೆದೆ. ಅಂಗಡಿಯ ಕಂಪ್ಯೂಟರ್ ಹಳೆಯದು, ಬಿಲ್_ಐಟಮ್ಸ್‌ಗೆ ನಾಲ್ಕು ನಿಮಿಷ ಹಿಡಿಯಿತು. ಎಲ್ಲ ಕಡೆ ಇಂಟ್ ಅನ್‌ಸೈನ್ಡ್. ಅದರಲ್ಲಿ 4294967295ರವರೆಗೆ ಹಿಡಿಸುತ್ತದೆ, ಅಂದರೆ 429 ಕೋಟಿಗೂ ಮೇಲೆ.

ಕಟ್ಟುವಾಗ ಹೆಸರು ನಾನೇ ಇಟ್ಟೆ:

ಆಲ್ಟರ್ ಟೇಬಲ್ ಪೇಮೆಂಟ್ಸ್ ಆಡ್ ಕನ್‌ಸ್ಟ್ರೇಂಟ್ ಎಫ್‌ಕೆ_ಪೇಮೆಂಟ್ಸ್_ಬಿಲ್ ಫಾರಿನ್ ಕೀ (ಬಿಲ್_ಐಡಿ) ರೆಫರೆನ್ಸಸ್ ಬಿಲ್ಸ್ (ಐಡಿ) ಆನ್ ಡಿಲೀಟ್ ರಿಸ್ಟ್ರಿಕ್ಟ್;

ಹೆಸರು ಕೊಡದಿದ್ದರೆ ಇನ್ನೊಡಿಬಿ ತಾನೇ ಐಬಿಎಫ್‌ಕೆ_1, ಐಬಿಎಫ್‌ಕೆ_2 ಅಂತ ಇಡುತ್ತದೆ. ಎರರ್ ಬಂದಾಗ ಅದರಿಂದ ಏನೂ ತಿಳಿಯುವುದಿಲ್ಲ. ಒಂದು ಡೇಟಾಬೇಸ್‌ನಲ್ಲಿ ಒಂದು ಹೆಸರು ಒಮ್ಮೆ ಮಾತ್ರ, ಹಾಗಾಗಿ ಮಗುವಿನ ಹೆಸರು, ತಾಯಿಯ ಹೆಸರು ಎರಡೂ ಸೇರಿಸಿದೆ. ರಿಸ್ಟ್ರಿಕ್ಟ್ ಅಂತ ಬರೆಯದಿದ್ದರೂ ಅದೇ ಅರ್ಥ. ಆದರೂ ಬರೆದೆ. ಮುಂದೆ ಓದುವವರಿಗೆ ಇದು ಮರೆತು ಬಿಟ್ಟದ್ದಲ್ಲ, ಬೇಕೆಂದೇ ಹಾಕಿದ್ದು ಅಂತ ತಿಳಿಯಲಿ. ಫಾರಿನ್_ಕೀ_ಚೆಕ್ಸ್ 1 ಇದೆ ಎಂಬುದನ್ನು ಮೊದಲೇ ಖಾತ್ರಿ ಮಾಡಿಕೊಂಡಿದ್ದೆ. 1 ಇದ್ದರೆ ಮಾತ್ರ ಹಾಕುವಾಗಲೇ ಹಳೆಯ ಸಾಲುಗಳ ಪರೀಕ್ಷೆ ಆಗುತ್ತದೆ. ಡೆಲಿವರಿಯದೂ ಸೇರಿ ನಾಲ್ಕೂ ಒಪ್ಪಿತು.

ಕಾವಲು ನಿಜವಾಗಿ ಎದ್ದಿದೆಯಾ ಅಂತ ತಟ್ಟಿ ನೋಡಿದೆ. ಪೇಮೆಂಟ್ಸ್‌ಗೆ 999999 ಎಂಬ ಇಲ್ಲದ ಬಿಲ್ ನಂಬರ್ ಹಾಕಿದೆ. 1452, ಆಗಲ್ಲ. ಒಂದು ಟ್ರಾನ್ಸಾಕ್ಷನ್ ಶುರು ಮಾಡಿ, ದುಡ್ಡು ಬಂದ ಒಂದು ಬಿಲ್ಲನ್ನು ಅಳಿಸಲು ನೋಡಿದೆ. 1451, ಆಗಲ್ಲ. ರೋಲ್‌ಬ್ಯಾಕ್ ಕೊಟ್ಟು ಹೊರಬಂದೆ. ಹೊಸ ಬಿಲ್ ಮಾತ್ರ ಪರೀಕ್ಷೆಗೆ ಹಾಕಲಿಲ್ಲ. ಹಾಕಿ ತೆಗೆದರೆ ಒಂದು ನಂಬರ್ ಹೋಗುತ್ತದೆ, ಬಿಲ್ ನಂಬರಿನಲ್ಲಿ ಸಂದು ಬಿದ್ದರೆ ಆಡಿಟ್‌ನವರಿಗೆ ಉತ್ತರ ಕೊಡಬೇಕು. ಬದಲಿಗೆ ಶೋ ಕ್ರಿಯೇಟ್ ಟೇಬಲ್ ನೋಡಿದೆ. ಆಟೋ_ಇನ್‌ಕ್ರಿಮೆಂಟ್, ಅಂದರೆ ಮುಂದೆ ಬರುವ ನಂಬರ್, 32768 ಎಂದಿತ್ತು.

ಫಾರಿನ್ ಕೀ ಎಂಬ ಮಾತು 1970ರಷ್ಟು ಹಳೆಯದು. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ ರಿಲೇಷನಲ್ ಮಾದರಿಯ ಮೇಲೆ ಬರೆದ ಲೇಖನದಲ್ಲೇ ಅದಿದೆ. ಒಂದು ಟೇಬಲ್ ಇನ್ನೊಂದರ ಬಗ್ಗೆ ಹೇಳುವ ಮಾತು ನಿಜ ಇರಬೇಕು ಅನ್ನುವುದನ್ನು ಪ್ರತಿ ಪ್ರೋಗ್ರಾಮಿನ ಜವಾಬ್ದಾರಿಗೆ ಬಿಡದೆ ಡೇಟಾಬೇಸ್ ತಾನೇ ನೋಡಿಕೊಳ್ಳುವ ಏರ್ಪಾಡು ಇದು. ನನಗೆ ಇದು ತುಂಬ ದೊಡ್ಡ ವಿಷಯ ಅನ್ನಿಸುತ್ತದೆ. ಸಯನ್‌ನ ಆ ಯಜಮಾನರ ಮಾತು ನಾಲ್ಕು ವರ್ಷ ಸುಳ್ಳಾಗಿ ಕಂಡಿದ್ದು ಈ ಏರ್ಪಾಡನ್ನು ಒಂದು ಸಂಜೆ ಆಫ್ ಮಾಡಿದ್ದರಿಂದ.

ಮೂರೂವರೆಗೆ ಅಪಾಚಿ ಶುರು ಮಾಡಿದೆ. ಮೂರು ದಿನದ ಕೈಬಿಲ್ ಐವತ್ತನಾಲ್ಕು ಇತ್ತು. ರೈಟರು ಕಾರ್ಬನ್ ಪ್ರತಿ ನೋಡಿ ಒಂದೊಂದಾಗಿ ಹಾಕುತ್ತಾ ಹೋದರು. ಮೊದಲನೆಯದು 32768: ದೋಸೆ ಅಕ್ಕಿ ಮೂರು ಮೂಟೆ, ಉದ್ದಿನ ಬೇಳೆ ಇಪ್ಪತ್ತೈದು ಕಿಲೋ, ತೆಂಗಿನಕಾಯಿ ಎಂಬತ್ತು. ಪ್ರಿಂಟರ್ ಶಬ್ದ ಕೇಳಿ ಅಕ್ಕ ಒಳಗಿನಿಂದ ಬಂದು ನೋಡಿದಳು. ಭಾವ 1187ನೇ ಬಿಲ್ಲಿನ ಖಾತೆ ತೆರೆಸಿ ಬಾಕಿ ಸೊನ್ನೆ ಬಂದಿದೆಯಾ ಅಂತ ಖಾತ್ರಿ ಮಾಡಿಕೊಂಡರು. ಚೆಂಬೂರಿನ ಕ್ಯಾಂಟೀನಿನ ಬಿಲ್ ಈಗ 3,450 ಬಾಕಿ ತೋರಿಸುತ್ತಿತ್ತು. ಅದನ್ನು ಹೇಗೆ ಕೇಳುವುದು ಅಂತ ನಾಳೆ ಯೋಚಿಸುತ್ತೇನೆ ಎಂದರು.

ಮಂಗಳವಾರ ಅಕ್ಕ ಮೆಸೇಜ್ ಮಾಡಿದಳು. ಸಯನ್‌ನವರು ಎರಡು ಮೂಟೆ ಇಡ್ಲಿ ಅಕ್ಕಿ, ಐದು ಕಿಲೋ ಬ್ಯಾಡಗಿ ಹೇಳಿದ್ದಾರಂತೆ. ಬಿಲ್ ನಂಬರ್ 32841. ಪತ್ತೆಯಾಗದ 600 ರೂಪಾಯಿ ಇನ್ನೂ ಆ ಬೇರೆ ಟೇಬಲ್‌ನಲ್ಲೇ ಇದೆ. 5.7ನ್ನು ಬದಲಿಸುವ ಕೆಲಸ ಚೌತಿಯ ಗಲಾಟೆ ಮುಗಿದ ಮೇಲಿನ ಒಂದು ಭಾನುವಾರಕ್ಕೆ ಇಟ್ಟುಕೊಂಡಿದ್ದೇನೆ.